ನೆಲದ ಮೇಲಿನ ಠ

ಜಮಖಾನ ಬೆಳಿಗ್ಗೆಯೇ ಬಂತು. ಟೆಂಪೋದಿಂದ ಇಳಿದು, ಹಮಾಲರ ಹೆಗಲೇರಿ, ಕರೆಯದೆ ಮದುವೆಗೆ ಬಂದ ನೆಂಟನ ಹಾಗೆ ವಾಚನಾಲಯದ ಬಾಗಿಲಲ್ಲಿ ಉದ್ದಕ್ಕೆ ಮಲಗಿಕೊಂಡಿತು. ಕೆಂಪು ಪಟ್ಟೆ, ಹಳದಿ ಪಟ್ಟೆ, ಗಿಳಿಹಸಿರು ಪಟ್ಟೆ. ಪಟ್ಟೆಗಳ ನಡುವೆ ಜಾಗ ಸಿಕ್ಕಲ್ಲೆಲ್ಲ ಗುಲಾಬಿ ಹೂವು. ಮೇಲಿನ ಗ್ಯಾಲರಿಯ ಕಂಬಿ ಹಿಡಿದು ನಿಂತಿದ್ದ ಪ್ರಮಿತಾ ಅದನ್ನು ಕಂಡು ಬಗ್ಗಿದಳು.

“ಇದನ್ಯಾಕ ತರಿಸ್ಯಾರ?”

“ಹೊದ್ದುಕೊಳ್ಳಲಿಕ್ಕಂತೂ ಅಲ್ಲ,” ಎಂದಳು ಪಕ್ಕದಲ್ಲಿದ್ದ ತಬಸ್ಸುಮ್, ಕೈಗೆ ಮೆತ್ತಿದ್ದ ಎಣ್ಣೆಯನ್ನು ಹಳೆ ಬಟ್ಟೆಗೆ ಒರೆಸಿಕೊಳ್ಳುತ್ತ. “ಸಾವಕಾರ್ರು ನಿನ್ನೆನೇ ಹೇಳ್ಯಾರಲ್ಲ. ಮಂದಿ ಒಪ್ಪಿದ್ರ ನಿನ್ನ ನೆಲ. ಒಪ್ಪಲಿಲ್ಲಂದ್ರ ಇವತ್ತಿಗಿ ಜಮಖಾನ, ಸೋಮವಾರ ಟೈಲ್ಸ್.”

ಸಾವಕಾರರೆಂದರೆ ಗುರುಲಿಂಗಪ್ಪ, ಶಹಾಬಾದಿನ ಕಲ್ಲು ವ್ಯಾಪಾರಿಗಳ ಸಂಘದ ಅಧ್ಯಕ್ಷರು. ಸಂಘದಿಂದ ಊರಿಗೊಂದು ವಾಚನಾಲಯ ಕಟ್ಟಿಸಿದ್ದರು. ಇದು ಸರಿಹೋದರೆ ಸೇಡಂನಲ್ಲೊಂದು, ಚಿಂಚೋಳಿಯಲ್ಲೊಂದು. ನೆಲ ನಾನು ಮಾಡುತ್ತೇನೆಂದು ವಾಡಿಯಿಂದ ರೈಲಿನಲ್ಲಿ ಬಂದು ಕೂತ ಈ ಹುಡುಗಿಯ ಹಟ ನೋಡಿ ಅವರಿಗೆ ಮೋಜೆನಿಸಿತ್ತು. ಮಾಡು ತಂಗಿ, ಕಲ್ಲು ನಾ ಕೊಡ್ತೀನಿ. ಆದರ ಮಂದಿ ಮೂಗು ಮುರಿದ್ರ ನೀ ಅಳಬಾರದು ಎಂದಿದ್ದರು. ಅವರ ಪಕ್ಕದಲ್ಲಿ ಕೂತಿದ್ದ ಸಂಘದ ಸದಸ್ಯ ಅಣವೀರ ಮೀಸೆಯಲ್ಲೇ ನಕ್ಕಿದ್ದ. ಅಪ್ಪನ ಕಾಲದ ಕಲ್ಲಿನ ವ್ಯಾಪಾರದ ಜೊತೆಗೆ ಅವನು ಈಚೆಗೆ ಟೈಲ್ಸ್ ಅಂಗಡಿಯನ್ನೂ ಇಟ್ಟಿದ್ದ. ಮುಖ ಕಾಣುವಷ್ಟು ಫಳಫಳ ಹೊಳೆಯುವ ಟೈಲ್ಸು. ಅವುಗಳ ಮೇಲೂ ಗುಲಾಬಿ ಹೂವು.

ಪ್ರಮಿತಾ ಮತ್ತೆ ಕೆಳಗೆ ನೋಡಿದಳು. ನೋಡಿದ ಕೂಡಲೇ ಜಮಖಾನ, ಸೋಮವಾರ, ಅಣವೀರ ಎಲ್ಲ ಮರೆತುಹೋಯಿತು.

ಇಡೀ ಹಾಲಿನ ನೆಲದ ತುಂಬ ಒಂದೇ ಒಂದು ಅಕ್ಷರ. ಠ.

ಆಚೆ ಗೋಡೆಯ ಹತ್ತಿರ ತಲೆಕಟ್ಟಿನ ದಪ್ಪ ಗೆರೆ. ಅದರ ಈಚೆಗೆ, ಗೆರೆಗೆ ತಾಗದ ಹಾಗೆ, ದೊಡ್ಡ ದುಂಡು. ದುಂಡಿನ ನಟ್ಟನಡುವೆ ಚುಕ್ಕೆ. ಮುಗಿಯಿತು. ಬಳ್ಳಿಯಿಲ್ಲ, ಅಂಚಿಲ್ಲ, ಕೆಳಗೆ ಯಾರ ಹೆಸರೂ ಇಲ್ಲ. ಕಪ್ಪು ಮತ್ತು ಬಿಳಿ, ಮತ್ತೇನೂ ಇಲ್ಲ.

ಬಣ್ಣ ಬಳಿದಿರಲಿಲ್ಲ. ಕಲ್ಲೂ ಬೇರೆ ಬೇರೆಯದಲ್ಲ. ಎಲ್ಲ ಫರ್ಸಿ ಚಪ್ಪಡಿಗಳೂ ಒಂದೇ ಖಣಿಯಿಂದ ಎದ್ದವು. ಈ ಸೀಮೆಯ ಕಲ್ಲನ್ನು ಹಾಗೇ ಬಿಟ್ಟರೆ ಒಣಗಿದ ವಿಭೂತಿಯ ಬಿಳುಪು. ನುಣ್ಣಗೆ ತಿಕ್ಕಿ ಅಗಸೆ ಎಣ್ಣೆ ಕುಡಿಸಿದರೆ ಮೊದಲ ಮಳೆ ಕುಡಿದ ಎರೆಹೊಲದ ಕಪ್ಪು. ಊರಿನ ಹೆಂಗಸರು ಅಡುಗೆಮನೆಯ ನೆಲವನ್ನು ಹಾಗೆ ಕಪ್ಪಾಗಿಸಿಕೊಂಡು ಬಂದವರೇ. ಪ್ರಮಿತಾ ಮಾಡಿದ್ದಿಷ್ಟು: ನಡುವಿನ ಸಂದಿಗೆ ಮೊಳೆ ಹೊಡೆದು, ಮೊಳೆಗೆ ದಾರ ಕಟ್ಟಿ, ಸುಣ್ಣದ ಕಡ್ಡಿ ಹಿಡಿದು ಹಾಲಿನ ಸುತ್ತ ಓಡಿ ಒಂದರೊಳಗೊಂದು ಎರಡು ದುಂಡು ಗೆರೆ ಎಳೆದಳು, ಚುಕ್ಕೆಗೂ ತಲೆಕಟ್ಟಿಗೂ ಗುರುತು ಹಾಕಿದಳು. ಅಪ್ಪನ ಕಲ್ಲಿನ ಯಾರ್ಡಿನಲ್ಲಿ ಪಾಲಿಶ್ ಮಷಿನ್ ಹಿಡಿದು ಬೆಳೆದ ತಬಸ್ಸುಮ್ ಗೆರೆಗಳ ನಡುವಷ್ಟೇ ಮಷಿನ್ ಓಡಿಸಿದಳು, ಆಚೆ ಕೂದಲೆಳೆಯಷ್ಟೂ ಜಾರದ ಹಾಗೆ. ಆಮೇಲೆ ಇಬ್ಬರೂ ಮೊಣಕಾಲೂರಿ ಎಣ್ಣೆ ತಿಕ್ಕಿದರು. ತಿಕ್ಕಿದಷ್ಟೂ ಕಪ್ಪು ಕಲ್ಲಿನೊಳಗಿಂದಲೇ ಎದ್ದು ಬಂತು. ಕಡೆಯ ದಿನ ಗ್ಯಾಲರಿಗೆ ಓಡಿ ಹತ್ತಿ ನೋಡಿದಾಗ ಪ್ರಮಿತಾ ತಬಸ್ಸುಮ್‌ಳನ್ನು ಅಪ್ಪಿಕೊಂಡು ಕುಣಿದುಬಿಟ್ಟಿದ್ದಳು. “ಬಿಡು ಯಾರ್, ಎಣ್ಣಿ ಕೈ ಅವ!” ಎಂದು ಅವಳು ಕೂಗಿಕೊಂಡರೂ ಬಿಟ್ಟಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ದುಂಡಿನ ನೆತ್ತಿಯಲ್ಲಿ, ತಲೆಕಟ್ಟಿನ ಕೆಳಗೆ, ಒಂದು ಫರ್ಸಿಯಷ್ಟು ಅಗಲದ ಸಂದನ್ನು ಪ್ರಮಿತಾ ಬೆಳ್ಳಗೇ ಬಿಟ್ಟಿದ್ದಳು.

“ಮಷಿನ್ ಚಾಲೂ ಅದ. ಇಷ್ಟೂ ಕೂಡಿಸಿಬಿಡಲೇನು?” ಎಂದು ತಬಸ್ಸುಮ್ ಕೇಳಿದ್ದಳು.

“ಮುಟ್ಟಬ್ಯಾಡ. ಅಕ್ಷರ ಉಸಿರಾಡಬೇಕು.”

“ಕಲ್ಲು ಉಸಿರಾಡಿದ್ದು ಯಾವ ಕಾಲೇಜಿನಾಗ ಕಲ್ತಿ? ನೋಡಿದವರು ಹುಡುಗೀರು ಅರ್ಧಾ ಕೆಲಸ ಬಿಟ್ಟು ಚಾ ಕುಡೀಲಿಕ್ಕ ಹೋಗ್ಯಾರ ಅಂತಾರ.”

ಠ ಯಾಕೆ ಎಂದು ಕೇಳಿದವರಿಗೆಲ್ಲ ಪ್ರಮಿತಾ ಒಂದೊಂದು ಉತ್ತರ ಕೊಟ್ಟಿದ್ದಳು. ಕನ್ನಡವೆಂದರೇನೆಂದೇ ಗೊತ್ತಿಲ್ಲದ ದೂರದೇಶದ ಹುಡುಗರು ಫೋನಿನಲ್ಲಿ ಹುಬ್ಬು ಗಂಟಿಕ್ಕಿದ ಕಣ್ಣುಗಳನ್ನು ಬರೆಯಲು ಎರಡು ಠಗಳನ್ನು ಅಕ್ಕಪಕ್ಕ ಇಡುತ್ತಾರೆ. ಹಾಗಾಗಿ ಎಂದಳು ಕಾಲೇಜಿನ ಗೆಳೆಯರಿಗೆ. ನಿಜವಾದ ಕಾರಣ ಬೇರೆ ಇತ್ತು. ಬೇರೆ ಯಾವ ಅಕ್ಷರ ಇಟ್ಟರೂ ಅದಕ್ಕೊಬ್ಬ ವಾರಸುದಾರ ಎದ್ದು ಬರುತ್ತಾನೆ. ಒಂದು ಅಕ್ಷರ ಒಂದು ಮಠದ್ದು, ಇನ್ನೊಂದು ಒಂದು ಪಕ್ಷದ್ದು, ಮತ್ತೊಂದು ಎಂಎಲ್ಎ ಸಾಹೇಬರ ಮಗನದ್ದು. ಠ ಮಾತ್ರ ಯಾರದೂ ಅಲ್ಲ. ವರ್ಣಮಾಲೆಯ ನಡುವೆ ಸುಮ್ಮನೆ ಕೂತಿದೆ, ಯಾರೂ ಕರೆಯುವುದಿಲ್ಲ. ಅದನ್ನು ಅದರ ಆಕಾರಕ್ಕಾಗಿಯೇ ನೋಡಬಹುದು.

ಬಣ್ಣಗಳಿಂದ ಅವಳು ಬೇಸತ್ತಿದ್ದಳು. ಕಲಬುರಗಿಯಲ್ಲಿ ಚಿತ್ರಕಲೆ ಓದಿ ಮುಗಿಸಿ ಚಿತ್ತಾಪುರದ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವಳು ದಿನಾ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದಳು. ನಡುವೆ ಕರಿ ಕನ್ನಡಕದ ಯುವ ನಾಯಕ, ಸುತ್ತ ಅವನ ಗೆಳೆಯರ ತಲೆಗಳು, ಹಿಂದೆ ಸೂರ್ಯ, ಮುಂದೆ ಸಿಂಹ. ಇಷ್ಟೆಲ್ಲ ತುಂಬಿದ ಮೇಲೂ ಬಂದವರು, “ಅಕ್ಕಾ, ಇಲ್ಲಿ ಜರಾ ಖಾಲಿ ಅನಸ್ಲಿಕತ್ತದ, ಏನರ ಹಾಕ್ರಿ,” ಎನ್ನುತ್ತಿದ್ದರು. ಆ ಖಾಲಿಯೇ ಅವಳಿಗೆ ಬೇಕಾಗಿದ್ದದ್ದು. ವಾಡಿಯಲ್ಲಿ ಸಿಮೆಂಟ್ ಧೂಳಿನಲ್ಲಿ ಬೆಳೆದವಳು ಅವಳು. ಬೇವಿನ ಎಲೆ, ಕಿಟಕಿಯ ಗಾಜು, ಅಪ್ಪನ ಸ್ಕೂಟರಿನ ಸೀಟು, ಎಲ್ಲದರ ಮೇಲೂ ಬೆಳ್ಳನೆಯ ಪುಡಿ. ಆ ಸೀಟಿನ ಮೇಲೆ ಬೆರಳಾಡಿಸಿದರೆ ಬಿಳುಪಿನ ಕೆಳಗಿಂದ ಕಪ್ಪು ಅಕ್ಷರ ಬರುತ್ತಿತ್ತು. ಅವಳ ಮೊದಲ ಪಾಟಿ ಅದೇ. ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಸಿಂಹದ ಜೂಲಿಗೆ ಕೇಸರಿ ತುಂಬುವಾಗೆಲ್ಲ ಅವಳ ಬೆರಳು ಆ ಸೀಟನ್ನು ನೆನೆಯುತ್ತಿತ್ತು.

ಹಾಗಂತ ಎಲ್ಲದರಲ್ಲೂ ಹೊಸ ಕಾಲದವಳೇನಲ್ಲ. ಅಂಗಡಿಯಲ್ಲಿ ಬಿದ್ದ ಕಾಗದಕ್ಕೆ ಕಾಲು ತಾಗಿದರೆ, ಅದು ರದ್ದಿಯಾದ ಬ್ಯಾನರಿನ ಚೂರಾಗಿದ್ದರೂ, ಅವಳ ಕೈ ತಾನಾಗಿಯೇ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿತ್ತು. ತಲೆ ಎಷ್ಟು ಮುಂದೆ ಓಡಿದರೂ ಆ ಕೈ ಮಾತ್ರ ಮೂರನೇ ಈಯತ್ತೆಯಲ್ಲೇ ಉಳಿದಿತ್ತು. ಅದೇ ಕೈಯಿಂದ ನೆಲದ ಮೇಲೆ ಅಕ್ಷರ ಬರೆಯುವಾಗ ಒಮ್ಮೆಯೂ ಆ ನೆನಪು ಬಾರದಿದ್ದದ್ದು ವಿಚಿತ್ರ. ಕೆಳಗೆ ನಿಂತವರಿಗೆ ಕಾಣುವುದು ಕಪ್ಪು ಬಾಗು ಮಾತ್ರ. ಕಾಲಡಿಗೆ ಕಲ್ಲಿತ್ತು, ಅಕ್ಷರ ಇರಲಿಲ್ಲ.

ಗುರುಲಿಂಗಪ್ಪನವರಿಗೆ ಅವಳು ಇದು ಅಕ್ಷರವೆಂದು ಹೇಳದೆ ಇರಲಿಲ್ಲ. ಅವರು ಅವಳ ನಕ್ಷೆಯ ಕಾಗದವನ್ನು ತಲೆಕೆಳಗಾಗಿ ಹಿಡಿದು, “ಅಕ್ಷರ ಗ್ವಾಡಿ ಮ್ಯಾಲ ಇರ್ತಾವ ತಂಗಿ, ನೆಲದ ಮ್ಯಾಲ ಇರೋದು ಡಿಜೈನ್,” ಎಂದು ನಕ್ಕು ವಾಪಸ್ ಕೊಟ್ಟಿದ್ದರು. ಮೊಣಕಾಲು ನೋವೆಂದು ಗ್ಯಾಲರಿ ಹತ್ತಿ ನೋಡಿಯೂ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಉದ್ಘಾಟನೆಗೆ ಮಂದಿ ಬಂದರು. ನೋಡುನೋಡುತ್ತ ಬಾಗಿಲಾಚೆ ಚಪ್ಪಲಿಗಳ ಗುಡ್ಡೆಯೆದ್ದಿತು. ಖಣಿಯವರು, ಯಾರ್ಡಿನವರು, ಶಾಲೆಯ ಹುಡುಗಿಯರು, ಕೂಸು ಎತ್ತಿಕೊಂಡ ತಾಯಂದಿರು, ರಾವೂರಿನಿಂದ ಬಂದ ಭಜನೆಯವರು. ಪ್ರಮಿತಾ ಗ್ಯಾಲರಿಯ ಕಂಬಿಗೆ ಅಂಟಿಕೊಂಡು ಅವರ ಕಾಲುಗಳನ್ನೇ ನೋಡುತ್ತಿದ್ದಳು.

“ತಣ್ಣಗದ ನೋಡು ನೆಲ!” ಎಂದಳು ಒಬ್ಬಳು.

“ನಮ್ಮ ಅಡುಗಿಮನಿ ಕಪ್ಪು ಇದು. ಇಷ್ಟು ಹೊಳಪು ನಮ್ಮತ್ತಿ ಕಾಲದಾಗ ಇತ್ತು ನೋಡು.”

“ಈ ದುಂಡಂದು ಏನಿದು? ಖೋಖೋ ಮೈದಾನಾನ?”

ನಕ್ಕರು, ಆದರೆ ಮೂಗು ಮುರಿಯಲಿಲ್ಲ. ಕಪ್ಪು ಬಿಳುಪು ಎನ್ನದೆ ಎಲ್ಲ ಕಡೆ ಹರಡಿಕೊಂಡರು. ಅಣವೀರ ಹಾಲಿನ ನಡುವೆ, ಸರಿಯಾಗಿ ಚುಕ್ಕೆಯ ಮೇಲೆ ಕೈಕಟ್ಟಿ ನಿಂತುಕೊಂಡ. ಗುರುಲಿಂಗಪ್ಪ ಬಿಳಿ ಧೋತರದ ಚುಂಗು ಹಿಡಿದು ದುಂಡಿನ ಮೇಲೇ ಸುತ್ತು ಹೊಡೆಯುತ್ತ ಎಲ್ಲರಿಗೂ, “ನಮ್ಮ ಖಣಿದೇ ಕಲ್ಲು, ಬರ್ರಿ, ಕುಂದ್ರಿ,” ಎನ್ನುತ್ತಿದ್ದರು. ತಬಸ್ಸುಮ್ ಕೆಳಗಿನಿಂದ ಪ್ರಮಿತಾಳಿಗೆ ಹೆಬ್ಬೆರಳೆತ್ತಿ ತೋರಿಸಿದಳು. ಗೆದ್ದೆವು!

ಆಗ ಸರಸ್ವತಿಬಾಯಿ ಬಂದರು.

ಅವರು ಈ ಊರಿನ ಕನ್ನಡ ಶಾಲೆಯ ನಿವೃತ್ತ ಅಕ್ಕೋರು. ಇಲ್ಲಿ ನಡುವಯಸ್ಸು ದಾಟಿದವರಲ್ಲಿ ಬಹುಪಾಲು ಮಂದಿಯ ಬೆರಳು ಹಿಡಿದು ಪಾಟಿಯ ಮೇಲೆ ತಿದ್ದಿಸಿದವರು. ಗುರುಲಿಂಗಪ್ಪನವರದ್ದೂ. ಇಂದಿನ ಮುಖ್ಯ ಅತಿಥಿ ಅವರೇ. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು, “ಭಾಷಣ ಆಮ್ಯಾಲ. ಮೊದಲ ಪುಸ್ತಕ ಎಲ್ಲಿ ಇಟ್ಟೀರಿ ತೋರಸ್ರಿ,” ಎಂದರು. ಮಕ್ಕಳ ಪುಸ್ತಕಗಳು ಗ್ಯಾಲರಿಯಲ್ಲಿದ್ದವು. ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕಪಾಟುಗಳನ್ನು ನೋಡಿ ತಲೆದೂಗಿದರು. ಆಮೇಲೆ ಕಂಬಿಯ ಬಳಿ ಬಂದು ಕೆಳಗೆ ಬಗ್ಗಿದರು.

ಪ್ರಮಿತಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಮೇಲಿನಿಂದ ನೋಡುತ್ತಿರುವ ಮೊದಲ ಹೊರಗಿನ ಕಣ್ಣುಗಳು ಇವು.

ಸರಸ್ವತಿಬಾಯಿ ಕನ್ನಡಕ ಸರಿಮಾಡಿಕೊಂಡರು. ತುಟಿ ಅಲುಗಿತು. ಇಡೀ ಶಾಲೆಯನ್ನು ಗದರಿಸಿದ ಆ ಹಳೆಯ ಗಂಟಲಿನಿಂದ ಒಂದೇ ಅಕ್ಷರ ಹೊರಬಂತು.

“ಠ!”

ಕೆಳಗೆ ಎಲ್ಲ ತಲೆಗಳೂ ಮೇಲೆದ್ದವು.

“ಠ ಅದು! ಇಷ್ಟು ದೊಡ್ಡ ಅಕ್ಷರ ಬರೆದಾರ, ನೀವು ಅದರ ಮ್ಯಾಲ ನಿಂತು ಗಪ್ಪಾ ಹೊಡಿಲಿಕತ್ತೀರಿ? ಏ ಗುರುಲಿಂಗ! ನಿನ್ನ ಕಾಲ ತೆಳಗ ಏನದ ನೋಡು!”

ಮುಂದಿನದನ್ನು ಪ್ರಮಿತಾ ಎಂದಿಗೂ ಮರೆಯುವಂತಿರಲಿಲ್ಲ. ಕಾದ ಹಂಚಿನ ಮೇಲೆ ನಿಂತವರ ಹಾಗೆ ಇಡೀ ಊರು ಕಪ್ಪಿನಿಂದ ಜಿಗಿಯಿತು. ಒಂದು ಕಾಲು ಎತ್ತಿ ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಕುಂಟಿದವರು, ಕೂಸನ್ನು ಎತ್ತಿ ಆಚೆ ದಾಟಿಸಿದವರು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡವರು. ಅಣವೀರ ಚುಕ್ಕೆಯಿಂದ ಹಾರಿದ ರಭಸಕ್ಕೆ ದುಂಡಿನ ಮೇಲೇ ಬಿದ್ದು, “ಎವ್ವಾ, ಮತ್ತ ತುಳಿದೆ!” ಎಂದು ಅಲ್ಲಿಂದಲೂ ಹಾರಿದ. ಕ್ಷಣದಲ್ಲಿ ಎಲ್ಲರೂ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರು. ಹಾಲ್ ಬರಿದಾಗಿತ್ತು. ಪ್ರಮಿತಾಳಿಗೆ ಅರಿವಾಗುವಷ್ಟರಲ್ಲಿ ಅವಳ ಕೈಯೂ ಕಣ್ಣಿನ ಮೇಲಿತ್ತು.

ಗುರುಲಿಂಗಪ್ಪನವರ ಮುಖ ಕೆಂಪೇರಿತ್ತು. ಎಲ್ಲರೆದುರು, ಅಕ್ಷರ ಕಲಿಸಿದವರೆದುರು, ಅಕ್ಷರದ ಮೇಲೆ ಸುತ್ತು ಹೊಡೆದಿದ್ದರು.

“ಹೇಯ್ ಹಮಾಲರ! ಜಮಖಾನ ತರ್ರಿ! ಹಾಸ್ರಿ ಜಲ್ದಿ!” ಎಂದು ಕೂಗಿದರು. “ಅಣವೀರ, ನಿನ್ನ ಟೈಲ್ಸ್ ಸೋಮವಾರ ಅಲ್ಲ, ನಾಳೆನೇ ಬರ್ಲಿ.”

ಮುಗಿಯಿತು ಅಂದುಕೊಂಡಳು ಪ್ರಮಿತಾ. ಸೇಡಂ ಹೋಯಿತು, ಚಿಂಚೋಳಿ ಹೋಯಿತು, ನಾಳೆಯಿಂದ ಮತ್ತೆ ಸಿಂಹದ ಜೂಲು. ಹಮಾಲರು ಜಮಖಾನದ ಸುರುಳಿಯನ್ನು ಹೊಸ್ತಿಲು ದಾಟಿಸಿದರು.

“ನಿಂದರ್ರಿ!” ಸರಸ್ವತಿಬಾಯಿಯ ದನಿ ಮತ್ತೆ ಮೇಲಿನಿಂದ ಬಂತು. “ಅರಬಿ ಮುಚ್ಚಿ ತುಳಿದ್ರ ತುಳಿದಂಗ ಆಗಲ್ಲೇನು? ನಿನ್ನ ಪಾಟಿ ಮ್ಯಾಲ ಟವಲ್ ಹಾಕಿ ನಾ ನಿಂತ್ರ ನಡೀತಿತ್ತೇನೋ ಗುರುಲಿಂಗ?”

ಹಮಾಲರು ನಿಂತರು. ಗುರುಲಿಂಗಪ್ಪ ಅವರಿಗೆ ಹಿಂದೆ ಸರಿಯಲು ಕೈಮಾಡಿದರು. “ಹಂಗಾದ್ರ ಟೈಲ್ಸ್ ಕೂಡಿಸ್ತೀವ್ರಿ ಅಕ್ಕೋರೆ.”

“ಅದು ಇನ್ನೂ ಛಲೋ! ಅಕ್ಷರ ಹುಗಿದು, ಅದರ ಮ್ಯಾಲ ಜನ್ಮೇಪೂರ್ತಿ ಓಡಾಡ್ರಿ.”

“ಹಂಗಾದ್ರ ಕಲ್ಲೇ ಒಡದು ತಗೀತೀವಿ,” ಎಂದ ಅಣವೀರ.

“ಒಡೀತೀಯೇನು? ಸುತ್ತಿಗಿ ತಗೊಂಡು ಅಕ್ಷರ ಒಡೀತೀಯೇನು? ಒಡಿ, ನಾ ಇಲ್ಲೇ ನಿಂತು ನೋಡ್ತೀನಿ.”

ಅಣವೀರ ಮುಂದೆ ನಿಂತಿದ್ದ ಇಬ್ಬರ ಹಿಂದೆ ಸರಿದ. ಮುಚ್ಚುವಂತಿಲ್ಲ, ಹೂಳುವಂತಿಲ್ಲ, ಒಡೆಯುವಂತಿಲ್ಲ, ತುಳಿಯುವಂತಂತೂ ಇಲ್ಲವೇ ಇಲ್ಲ. ಊರಿನ ಹೊಸ ವಾಚನಾಲಯ ಬಾಗಿಲು ತೆರೆದುಕೊಂಡೇ ಬಂದ್ ಆಗಿಬಿಟ್ಟಿತ್ತು. ಹಿಂದೆ ಯಾರೋ, “ಪುಸ್ತಕ ಹೊರಗ ತಂದು ಬೇವಿನ ಗಿಡದ ತೆಳಗ ಓದೋಣೇನು ಮತ್ತ?” ಎಂದರೆ ಇನ್ಯಾರೋ ಶ್ ಎಂದರು.

ಪ್ರಮಿತಾ ಕೆಳಗಿನ ಖಾಲಿ ಹಾಲನ್ನೇ ನೋಡುತ್ತಿದ್ದಳು. ಕಾಲುಗಳಿಲ್ಲದ ನೆಲ. ಕಪ್ಪು ಎಷ್ಟು ಗಟ್ಟಿಯಾಗಿ ಕೂತಿತ್ತೋ ಬಿಳುಪು ಅಷ್ಟೇ ಗಟ್ಟಿಯಾಗಿ ಕೂತಿತ್ತು. ಫ್ಲೆಕ್ಸ್ ಅಂಗಡಿಯ ಗಿರಾಕಿಗಳು ತುಂಬು ತುಂಬು ಎನ್ನುತ್ತಿದ್ದ ಆ ಖಾಲಿ ಜಾಗ ಇಲ್ಲಿ ಎಷ್ಟೊಂದಿದೆ! ದುಂಡಿನ ಸುತ್ತ ಇದೆ. ದುಂಡಿನ ಒಳಗಿದೆ. ಒಳಕ್ಕೂ ಹೊರಕ್ಕೂ ನಡುವೆ, ನೆತ್ತಿಯಲ್ಲಿ, ಒಂದು ಫರ್ಸಿ ಅಗಲ...

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು.

“ಎಲ್ಲಿ ಹೊಂಟಿ?” ಎಂದು ತಬಸ್ಸುಮ್ ತೋಳು ಹಿಡಿದಳು. “ಮಂದಿ ಈಗ ಭಾಳ ಗರಂ ಆಗ್ಯಾರ.”

“ಬಿಡು, ಬಿಡು ನನ್ನ!”

ಬಾಗಿಲಿಗೆ ತಾಗಿದ ಬಿಳುಪಿನ ಮೇಲೆ ಕಾಲಿಟ್ಟಳು. ಎಲ್ಲರೂ ನೋಡುತ್ತಿದ್ದರು. ದುಂಡಿನ ಹೊರಗೆ, ಗೋಡೆಯ ಬದಿಯಿಂದ, ಕಪ್ಪಿನ ಅಂಚನ್ನು ಸೋಕದೆ ಸುತ್ತಿ ಹೋದಳು. ತಲೆಕಟ್ಟಿನ ಗೆರೆಗೂ ದುಂಡಿಗೂ ನಡುವಿನ ಓಣಿಯಲ್ಲಿ ತಿರುಗಿದಳು. ಸಂದಿನ ಎದುರು ಒಂದು ಕ್ಷಣ ನಿಂತಳು. ಆಮೇಲೆ ಒಂದೇ ಒಂದು ಹೆಜ್ಜೆ. ಒಳಗಿದ್ದಳು. ಸುತ್ತ ಕಪ್ಪು, ಕಾಲಡಿಗೆ ಬಿಳುಪು.

“ಅಕ್ಕೋರೆ,” ಎಂದು ಮೇಲೆ ನೋಡಿ ಕೂಗಿದಳು, “ನಾ ಅಕ್ಷರ ತುಳಿದೀನೇನ್ರಿ?”

ಸರಸ್ವತಿಬಾಯಿ ಕಂಬಿಯ ಮೇಲೆ ಇನ್ನಷ್ಟು ಬಗ್ಗಿದರು. ಉತ್ತರಪತ್ರಿಕೆ ತಿದ್ದುವವರ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಾಡಿಸಿದರು. “ತುಳಿದಿಲ್ಲ,” ಎಂದರು ನಿಧಾನವಾಗಿ. “ಆದರ ನೆತ್ತಿ ಮ್ಯಾಲ ಕೂಡಿಸಿಲ್ಲ ನೀ. ಠ ಹಿಂಗ ಬರೀತಾರೇನು? ನನ್ನ ಕ್ಲಾಸಿನಾಗ ಇದ್ದಿದ್ರ...” ಅಷ್ಟರಲ್ಲಿ ಮಾತು ನಿಂತಿತು. ಕಣ್ಣು ಆ ಸಂದಿನ ಮೇಲೆ ಕೂತಿತು. “ಹಾಂ. ಕೂಡಿಸಿದ್ರ ಒಳಗ ಹ್ಯಾಂಗ ಹೋಗ್ತಿದ್ದಿ? ಇರ್ಲಿ ಬಿಡು.”

ಪ್ರಮಿತಾ ಬಾಗಿಲ ಕಡೆ ತಿರುಗಿದಳು.

“ಸಾವಕಾರ್ರ, ಬರ್ರಿ. ಕಪ್ಪಂದು ಅಕ್ಷರ, ಅದನ್ನ ಯಾರೂ ತುಳಿಯಂಗಿಲ್ಲ. ಇದು ಬಯಲು. ಬಯಲಿನಾಗ ಎಷ್ಟು ಮಂದಿ ಬೇಕಾದ್ರೂ ನಿಂದರ್ಬಹುದು.”

ಬಯಲು ಎಂಬ ಮಾತು ಗುರುಲಿಂಗಪ್ಪನವರ ಮುಖದಲ್ಲಿ ಏನನ್ನೋ ಸಡಿಲಿಸಿತು. ದಿನಾ ಸಂಜೆ ಮಠದಲ್ಲಿ ಕೂತು ಕೇಳುವ ಮಾತು ಅದು. ಫರ್ಸಿಯ ಮೇಲೆ ಕಂಡದ್ದು ಇದೇ ಮೊದಲು. ಧೋತರದ ಚುಂಗನ್ನು ಮೊಣಕಾಲ ತನಕ ಎತ್ತಿ, ಹಳ್ಳ ದಾಟುವವರ ಹಾಗೆ, ಗೋಡೆಯ ಬದಿಯಿಂದ ಒಂದೊಂದೇ ಹೆಜ್ಜೆ ಇಟ್ಟು ಬಂದರು. ಸಂದಿನ ಬಳಿ, “ಸಣ್ಣದ ಬಿಟ್ಟೀಯಲ್ಲ ತಂಗಿ, ನನ್ನ ಹೊಟ್ಟಿ ನೋಡಿಲ್ಲೇನು?” ಎಂದು ಅಡ್ಡಡ್ಡಲಾಗಿ ದಾಟಿ ಒಳಬಂದರು. ಬಾಗಿಲಲ್ಲಿ ನಗೆಯೆದ್ದಿತು. ನಗೆಯ ಹಿಂದೆಯೇ ಮಂದಿ.

ಮೊದಲು ಹುಡುಗಿಯರು ಓಡಿ ಬಂದರು, ಕೈಚಾಚಿ, ಬದುವಿನ ಮೇಲೆ ನಡೆಯುವ ಹಾಗೆ. ಆಮೇಲೆ ತಾಯಂದಿರು. ರಾವೂರಿನ ಭಜನೆಯವರು ತಾಳವನ್ನೂ ಎತ್ತಿ ಹಿಡಿದು ಬಂದರು, ಅದರ ನೆರಳೂ ಕಪ್ಪಿಗೆ ತಾಗಬಾರದೆಂಬಂತೆ. ಬಿಳುಪೆಲ್ಲ ತುಂಬಿತು. ಸುತ್ತ ತುಂಬಿತು, ಒಳಗೆ ತುಂಬಿತು. ಚುಕ್ಕೆಯ ಸುತ್ತ ಹುಡುಗಿಯರು ಕೈಕೈ ಹಿಡಿದು ಬೇಲಿಯಾದರು. ಮೇಲೆ ಸರಸ್ವತಿಬಾಯಿಗೆ ಹಳೆಯ ಹುರುಪು ಬಂದಿತ್ತು. “ಏ ಹಸಿರು ಪತ್ತಲದಾಕಿ, ಜರಾ ಹಿಂದ ಸರಿ, ಬಾಗು ಕೆಡ್ಲಿಕತ್ತದ! ಅಣವೀರ, ನೀ ಎಲ್ಲಿ ನಿಂತೀಯೋ? ಎಡಕ್ಕ, ಎಡಕ್ಕ! ಎಡಗೈ ಯಾವುದು ಅಂತ ಇನ್ನೂ ಗೊತ್ತಿಲ್ಲೇನು ನಿನಗ?”

“ಪಮ್ಮೀ!” ಎಂದು ಗ್ಯಾಲರಿಯಿಂದ ಕಿರುಚಿದ್ದು ತಬಸ್ಸುಮ್. ಯಾವಾಗಲೋ ಮೇಲೆ ಓಡಿದ್ದಳು. “ಎಂಥಾ ಬಣ್ಣ ಅವ ಯಾರ್! ಕೆಂಪು, ಹಳದಿ, ನೀಲಿ, ಪೂರಾ ಜಮಖಾನ ಆಗ್ಯದ! ನಡುವ ಕರ್ರಗ ಠ, ಒಂದ ಚೂರೂ ಮುಕ್ಕಾಗಿಲ್ಲ! ನೀ ನೋಡ್ಬೇಕು ಇದನ್ನ!”

ಪ್ರಮಿತಾಳಿಗೆ ಕಾಣುತ್ತಿದ್ದದ್ದು ಬೆನ್ನುಗಳು, ಜಡೆಗಳು, ಟೋಪಿಗಳು. ಮೇಲೆ ಹೋಗಿ ನೋಡೋಣವೆಂದರೆ ಸಂದಿನಲ್ಲಿ ಒಳಬರುವವರ ಸಾಲು. ಇಡೀ ಊರಿನಲ್ಲಿ ಈ ಹೊತ್ತಿನ ಠ ಕಾಣದೆ ಇರುವವರಲ್ಲಿ ತಾನೂ ಒಬ್ಬಳೆಂದು ಅವಳಿಗೆ ನಗು ಬಂತು. ನಗು ನಿಲ್ಲಲೇ ಇಲ್ಲ.

ಅವಳು ನಗುತ್ತಿರುವಾಗಲೇ ಗುರುಲಿಂಗಪ್ಪ ಅವಳ ಪಕ್ಕದಿಂದ ಮಾಯವಾಗಿದ್ದರು. ಸಾಲಿಗೆ ಎದುರಾಗಿ, “ದಾರಿ ಬಿಡ್ರಿ, ದಾರಿ,” ಎನ್ನುತ್ತ ಹೊರಟವರು, ಮೊಣಕಾಲಿನ ಮೇಲೆ ಕೈಯೂರಿ, ಪ್ರತಿ ಮೆಟ್ಟಿಲಿಗೂ ಬಸವಾ ಬಸವಾ ಎನ್ನುತ್ತ ಮೇಲೇರಿದರು. ಕಂಬಿಯ ಬಳಿ ಅಕ್ಕೋರ ಪಕ್ಕದಲ್ಲಿ ನಿಂತರು. ಕೆಳಗೆ ನೋಡಿದರು.

ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು. ಆಮೇಲೆ ಬಾಗಿಲ ಕಡೆ ಕೈ ಬೀಸಿ, “ಆ ಜಮಖಾನ ವಾಪಸ್ ಒಯ್ಯಿರಿ! ಕುರ್ಚಿ ಟೇಬಲ್ ಎಲ್ಲಾ ಬಿಳಿ ಮ್ಯಾಲ ಇಡ್ರಿ. ಕಪ್ಪಿನ ಮ್ಯಾಲ ಒಂದು ಕುರ್ಚಿ ಕಾಲು ಬಂದ್ರೂ ನೋಡ್ರಿ ಮತ್ತ!” ಎಂದು ಗುಡುಗಿದರು.

ಹಮಾಲರು ಸುರುಳಿಯನ್ನು ಹೆಗಲಿಗೇರಿಸಿದರು. ಗುಲಾಬಿ ಹೂವುಗಳು ಟೆಂಪೋ ಹತ್ತಿದವು.

“ತಂಗೀ!” ಗುರುಲಿಂಗಪ್ಪ ಮತ್ತೆ ಬಗ್ಗಿ ಕೂಗಿದರು. “ಸೇಡಂಗ ಯಾವ ಅಕ್ಷರ ಬರೀತೀ?”

ಎಲ್ಲರೂ ಅವಳತ್ತ ತಿರುಗಿದರು. ಸೇಡಂನವನೊಬ್ಬ ಆಗಲೇ ತನ್ನ ಮಗಳ ಹೆಸರಿನ ಮೊದಲಕ್ಷರ ಸೂಚಿಸತೊಡಗಿದ್ದ. ಪ್ರಮಿತಾ ಸಂದಿನಲ್ಲಿ ಒಳಬರುತ್ತಿದ್ದ ಸಾಲನ್ನೊಮ್ಮೆ ನೋಡಿ, ಎರಡೂ ಕೈಗಳನ್ನು ಬಾಯಿಗೆ ಒಡ್ಡಿಕೊಂಡು, ಮಂದಿಯ ಗದ್ದಲದ ಮೇಲೆ, ಇದ್ದಷ್ಟೂ ದನಿಯಿಂದ ಕೂಗಿದಳು:

“ಅಲ್ಲಿ ಬಾಗಿಲಾ ಯಾವ ದಿಕ್ಕಿಗದ, ಮೊದಲ ಅದನ್ನ ಹೇಳ್ರಿ!”